ಟೋಂಗಾದಲ್ಲಿ ವಾಸವಿದ್ದ ಕಂಪ್ಯೂಟರು

ಲುಪೆ ಅಜ್ಜಿ ಬೆಳಗ್ಗೆಯೇ ಬಂದು ಬಾನುಲಿ ಕೇಂದ್ರದ ಮೆಟ್ಟಿಲ ಮೇಲೆ ಚಾಪೆ ಹಾಸಿಕೊಂಡು ಕೂತುಬಿಟ್ಟಿದ್ದಳು. ತೊಡೆಯ ಮೇಲೆ ಪುಟ್ಟ ರೇಡಿಯೊ, ಪಕ್ಕದಲ್ಲಿ ಬಾಳೆ ಎಲೆ ಮುಚ್ಚಿದ ಬುಟ್ಟಿ. ಕಣ್ಣಿಗೆ ಪೊರೆ ಬಂದ ಮೇಲೆ ಅವಳ ಲೋಕವೆಲ್ಲ ಕಿವಿಯಲ್ಲೇ ಇತ್ತು.

“ಮನೇಲಿ ಕೂತಿದ್ರೂ ಕೇಳಿಸ್ತಿತ್ತಲ್ಲ ಅಜ್ಜಿ,” ಎಂದಳು ಫುವಾತಿನೋ, ಚಪ್ಪಲಿ ಬಿಡುತ್ತ.

“ಮನೆ ಮುಟ್ಟೋಷ್ಟರಲ್ಲಿ ಹಾಡು ಆರಿಹೋಗಿರುತ್ತೆ ಕಣೇ. ಒಲೆಯಿಂದ ಇಳಿಸಿದ ಹಾಗೇ ಬಿಸಿಬಿಸಿ ಬೇಕು ನನಗೆ. ಎಷ್ಟು ಹೊತ್ತಿಗೆ ನನ್ನ ಮೊಮ್ಮಗಳು?”

“ಹನ್ನೊಂದಕ್ಕೆ.”

“ಮಾತು ಕೊಟ್ಟಿದೀಯ.”

“ಕೊಟ್ಟಿದೀನಿ. ತಪ್ಪೋದಿಲ್ಲ.”

ಆಕ್ಲೆಂಡಿನಲ್ಲಿ ಅವತ್ತು ಗಾಯನ ಸ್ಪರ್ಧೆ. ಲುಪೆ ಅಜ್ಜಿಯ ಮೊಮ್ಮಗಳು ಮಸಿನಾ ಮೊದಲ ಬಾರಿಗೆ ತಂಡದ ಮುಂದೆ ನಿಂತು ಹಾಡು ಎತ್ತುವವಳಿದ್ದಳು. ಹಾಡು ಊರಿನದೇ, ಅಜ್ಜಿ ಕಲಿಸಿದ್ದು. ಮುಂದಾಳು ಒಂದು ಸಾಲು ಕೂಗಿ ಕರೆದರೆ ಉಳಿದವರೆಲ್ಲ ಓಗೊಡಬೇಕು, ಅದು ಅದರ ಕಟ್ಟಳೆ. ಆದ್ದರಿಂದ ಊರಿನವರು ಒಂದು ತೀರ್ಮಾನಕ್ಕೆ ಬಂದಿದ್ದರು. ಅವಳು ಅಲ್ಲಿ ಕರೆದ ಹೊತ್ತಿಗೇ ತಾವು ಇಲ್ಲಿ ಓಗೊಡುವುದು. ಅವಳಿಗೆ ಕೇಳಿಸುವುದಿಲ್ಲ, ನಿಜ. ಆದರೂ ಕರೆದವಳಿಗೆ ಉತ್ತರ ಕೊಡದೆ ಇರುವುದು ಸಮೋವಾದ ಈ ಸವಾಯಿ ದ್ವೀಪದ ಮರ್ಯಾದೆಯಲ್ಲ. ನಾಳೆ ಸಿಗುವ ಧ್ವನಿಮುದ್ರಣಕ್ಕೆ ಓಗೊಟ್ಟರೆ ಏನು ಸೊಗಸು?

ಸ್ಪರ್ಧೆಯನ್ನು ಆಕ್ಲೆಂಡಿನವರು ತಮ್ಮ ಜಾಲತಾಣದಲ್ಲಿ ನೇರವಾಗಿ ಬಿಡುತ್ತಿದ್ದರು. ಅದನ್ನು ಹಿಡಿದು ಊರಿಗೆ ಹಂಚುವುದು ಬಾನುಲಿ ಕೇಂದ್ರದ ಕಂಪ್ಯೂಟರಿನ ಕೆಲಸ. ಕಂಪ್ಯೂಟರು ಬಲು ಹಳೆಯದು, ಅದರ ಆಪರೇಟಿಂಗ್ ಸಿಸ್ಟಂ ಇನ್ನೂ ಹಳೆಯದು. ಬದಲಾಯಿಸುವಂತಿರಲಿಲ್ಲ. ಪ್ರಸಾರ ಯಂತ್ರಕ್ಕೆ ಧ್ವನಿ ದಾಟಿಸುವ ಫಲಕ ಆ ಹಳೆಯ ಸಿಸ್ಟಂ ಬಿಟ್ಟರೆ ಬೇರೆ ಯಾವುದರ ಭಾಷೆಯನ್ನೂ ಅರಿಯದು. ಅದನ್ನು ಮಾಡಿದ ಕಂಪನಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಇಂಥ ಯಂತ್ರಗಳಿಗೆ ಹೊಸ ಬ್ರೌಸರ್ ಯಾರೂ ಕೊಡುವುದಿಲ್ಲ. ಹಳೆಯ ಬ್ರೌಸರಿನಲ್ಲಿ ಹೊರಗಿನ ಪುಟಗಳನ್ನು ತೆರೆಯುವುದೆಂದರೆ ತೂತು ದೋಣಿಯಲ್ಲಿ ದಂಡೆಯ ಬಂಡೆ ದಾಟಿದ ಹಾಗೆ.

ಕಡಲಾಚೆ ಸುವಾದ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನ ಓದಿ ಬಂದು ಪಕ್ಕದೂರಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಫುವಾತಿನೋ ಇದಕ್ಕೊಂದು ದಾರಿ ಕಂಡುಕೊಂಡಿದ್ದಳು. ಹೊಸ ಬ್ರೌಸರಿನಲ್ಲಿ ಯಾವುದಾದರೂ ದೋಷ ಪತ್ತೆಯಾಗಿ, ಅದನ್ನು ಮಾಡಿದವರು ಸರಿಪಡಿಸಿದರೆ, ಆ ತಿದ್ದುಪಡಿಯನ್ನು ಹಳೆಯ ಸಿಸ್ಟಂಗೆ ಹೊಂದುವಂತೆ ಕತ್ತರಿಸಿ ಹೊಲಿಯುವುದು. ಅವಳಂತೆ ಲೋಕದ ಮೂಲೆಮೂಲೆಯಲ್ಲಿ ಇನ್ನೂ ಕೆಲವರಿದ್ದರು. ಎಲ್ಲರೂ ಸೇರಿ ಒಂದೇ ಬ್ರೌಸರನ್ನು ಸಾಕುತ್ತಿದ್ದರು. ಊರಿನ ಹೆಂಗಸರಿಗೆ ಈ ಕೆಲಸ ಅರ್ಥ ಮಾಡಿಸುವುದು ಅವಳಿಗೆ ಕಷ್ಟವಾಗಲಿಲ್ಲ. ಮದುವೆಗೂ ಸಾವಿಗೂ ಉಡುಗೊರೆ ಕೊಡುವ ನುಣುಪು ಚಾಪೆ ಅವರ ಮನೆಗಳಲ್ಲಿತ್ತು. ಅದು ಹಳತಾದಷ್ಟೂ, ಅದಕ್ಕೆ ತೇಪೆ ಬಿದ್ದಷ್ಟೂ, ಗೌರವ ಹೆಚ್ಚು.

ಒಳಗೆ ಕೇಂದ್ರದ ಮುಖ್ಯಸ್ಥ ಸಿಯಾಕಿ ಮಾವ ಬೆಳಗಿನ ಕಾರ್ಯಕ್ರಮ ಮುಗಿಸಿ ಕೋಕೋ ಕುಡಿಯುತ್ತಿದ್ದ. ಊರಿನ ಹಿರಿಯ, ಬಿರುದು ಪಡೆದವನು, ಫುವಾತಿನೋಗೆ ತಾಯಿಯ ಅಣ್ಣ. ಹಿಂದಿನ ವಾರ ರಗ್ಬಿಯಲ್ಲಿ ಟೋಂಗಾದವರ ಕೈಲಿ ಸೋತದ್ದು ಅವನ ಗಂಟಲಿನಿಂದ ಇನ್ನೂ ಇಳಿದಿರಲಿಲ್ಲ.

“ಬಾ ಬಾ ಮೇಡಂ. ನಿಮ್ಮ ಮುದುಕ ಬೆಳಗ್ಗೆಯಿಂದ ಹುಷಾರಾಗಿದಾನೆ,” ಎಂದು ಕಂಪ್ಯೂಟರಿನ ನೆತ್ತಿ ಸವರಿದ.

ಹಿಂದಿನ ದಿನ ಸಂಜೆ ಅವಳು ಬ್ರೌಸರಿನ ಹೊಸ ಆವೃತ್ತಿಯನ್ನು ಅದರಲ್ಲಿ ಹಾಕಿ ಹೋಗಿದ್ದಳು. ಆಕ್ಲೆಂಡಿನ ಪುಟ ಆಗ ಸಲೀಸಾಗಿ ತೆರೆದಿತ್ತು. ಈಗ ವಿಳಾಸ ಒತ್ತಿದಳು. ಪರದೆ ಒಂದು ಕ್ಷಣ ಬಿಳಿಯಾಯಿತು. ಆಮೇಲೆ ಕೆಂಪು ಬೀಗದ ಚಿತ್ರ ಬಂತು. ‘ಈ ತಾಣದ ಗುರುತುಪತ್ರದ ಅವಧಿ ಮುಗಿದಿದೆ. ಪುಟ ತೆರೆಯಲಾಗದು.’

ಪ್ರತಿ ತಾಣವೂ ತಾನು ತಾನೇ ಎಂದು ಸಾಬೀತು ಮಾಡಲು ಒಂದು ಗುರುತುಪತ್ರ ತೋರಿಸುತ್ತದೆ. ಅದಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಆಯುಸ್ಸು. ಅವಧಿ ಮುಗಿದ ಪತ್ರ ಹಿಡಿದು ಬಂದವನನ್ನು ಅವಳ ಬ್ರೌಸರು ಹೊಸ್ತಿಲಲ್ಲೇ ನಿಲ್ಲಿಸುತ್ತಿತ್ತು.

“ಏನಂತೆ?” ಸಿಯಾಕಿ ಮಾವ ಹಿಂದಿನಿಂದ ಬಗ್ಗಿದ.

“ಬಿಡಲ್ಲ ಅಂತಿದೆ.”

“ಬಿಡಲ್ಲ ಅಂದ್ರೆ? ‘ಪರವಾಗಿಲ್ಲ, ಮುಂದುವರಿ’ ಅಂತ ಒಂದು ಗುಂಡಿ ಇರುತ್ತಲ್ಲ, ಒತ್ತು.”

“ಆ ಗುಂಡಿ ಇಲ್ಲ ಮಾವ. ನಾನೇ ಕಿತ್ತುಹಾಕಿದೀನಿ. ಯಾಕೆ ಅಂತ ನೆನಪಿದೆಯಲ್ಲ?”

ಸಿಯಾಕಿ ಮಾವ ಕೋಕೋ ಬಟ್ಟಲಿನೊಳಗೆ ನೋಡತೊಡಗಿದ. ನೆನಪಿಲ್ಲದೆ ಏನು. ಎರಡು ವರ್ಷದ ಹಿಂದೆ ಯಾವುದೋ ಪಂದ್ಯ ನೋಡುವ ಆಸೆಗೆ ಅವನು ಅದೇ ಗುಂಡಿಯನ್ನು ಒತ್ತಿದ್ದ. ಆ ಸಂಜೆ ಶಂಖ ಊದಿ ಊರೆಲ್ಲ ಪ್ರಾರ್ಥನೆಗೆ ಕೂತ ಹೊತ್ತಿನಲ್ಲಿ, ಪಾದ್ರಿಯ ಮಾತಿನ ನಡುವೆ, ಪ್ರತಿ ಮನೆಯ ರೇಡಿಯೊ ಹಾಗೆ ಕಂಪ್ಯೂಟರಿಗೆ ನುಸುಳಿದ ಜೂಜುಕಟ್ಟೆಯ ಜಾಹೀರಾತು ಕೂಗಿತ್ತು. ‘ಇವತ್ತು ನಿಮ್ಮದೇ ಅದೃಷ್ಟ!’ ಅಂತ. ಎಷ್ಟೋ ದಿನ ಅವನು ಚರ್ಚಿನಲ್ಲಿ ಹಿಂದಿನ ಸಾಲಿನಲ್ಲಿ ಕೂತ.

“ಹಾಗಾದ್ರೆ ಮೊಬೈಲ್ ಹಿಡಿಯೋಣ ಮೈಕಿಗೆ,” ಎಂದ.

ಹಿಡಿದೂ ನೋಡಿದರು. ಈ ಊರಲ್ಲಿ ಸಿಗ್ನಲ್ಲಿನ ಒಂದು ಗೆರೆ ಬರಬೇಕಾದರೂ ಚರ್ಚಿನ ಗಂಟೆಗೋಪುರ ಹತ್ತಬೇಕು. ಕೇಂದ್ರದೊಳಗೆ ಮೊಬೈಲಿನಿಂದ ಬಂದದ್ದು ಯಾರೋ ನೀರಲ್ಲಿ ಮುಳುಗಿ ಲೆಕ್ಕ ಎಣಿಸಿದಂಥ ಸದ್ದು. ಬೇರೆ ಕಂಪ್ಯೂಟರು ತರೋಣವೆಂದರೆ, ಫುವಾತಿನೋ ಬ್ರೌಸರ್ ಕಟ್ಟುತ್ತಿದ್ದದ್ದು ಕಾಲೇಜಿನ ಯಂತ್ರದಲ್ಲಿ. ಶನಿವಾರ ಕಾಲೇಜಿಗೆ ಬೀಗ. ಬೀಗದ ಕೈ ಪ್ರಿನ್ಸಿಪಾಲರ ಜೇಬಿನಲ್ಲಿ ಕೂತು ಹಡಗಿನಲ್ಲಿ ರಾಜಧಾನಿ ಅಪಿಯಾಕ್ಕೆ ಹೋಗಿತ್ತು.

“ಏನಾದ್ರೂ ತೊಂದರೇನಾ?” ಮೆಟ್ಟಿಲಿನಿಂದ ಅಜ್ಜಿಯ ದನಿ.

“ಇಲ್ಲ ಅಜ್ಜಿ, ಸ್ವಲ್ಪ ಧೂಳು ಒರೆಸ್ತಿದೀವಿ,” ಎಂದ ಸಿಯಾಕಿ ಮಾವ.

“ಧೂಳು ಒರೆಸೋರು ಇಷ್ಟು ಪಿಸುಗುಟ್ಟಲ್ಲ.”

ಫುವಾತಿನೋಗೆ ಮೊದಲು ಅನುಮಾನ ಬಂದದ್ದು ತನ್ನ ಮೇಲೆಯೇ. ಹೊಸ ಆವೃತ್ತಿಯಲ್ಲಿ ಗುರುತುಪತ್ರ ಪರೀಕ್ಷಿಸುವ ಭಾಗವನ್ನೇ ಅವಳು ತಿದ್ದಿದ್ದಳು. ಅಲ್ಲಿ ತಪ್ಪಿದ್ದರೆ ಬರೀ ಈ ಊರಲ್ಲ, ತನ್ನನ್ನು ನಂಬಿ ಅದನ್ನು ಹಾಕಿಕೊಂಡವರೆಲ್ಲ ಬಾಗಿಲು ಮುಚ್ಚಿಸಿಕೊಂಡು ಕೂತಿರುತ್ತಾರೆ. ಬೇರೆ ಪುಟಗಳೆಲ್ಲ ತೆರೆಯುತ್ತಿದ್ದವು, ಇದೊಂದೇ ಇಲ್ಲ. ಟಾಸ್ಮೇನಿಯಾದಲ್ಲಿ ಮರದ ಮಿಲ್ಲಿನ ಮುದಿ ಕಂಪ್ಯೂಟರಿಗಾಗಿ ಇದೇ ಬ್ರೌಸರ್ ಸಾಕುತ್ತಿದ್ದ ಡೆಸ್ಮಂಡ್‌ಗೆ ಬರೆದಳು. ಉತ್ತರ ಕೂಡಲೇ ಬಂತು: ‘ನಿನ್ನ ಹೊಸ ಆವೃತ್ತಿಯಲ್ಲೇ ತೆರೆದೆ. ಚೆನ್ನಾಗಿ ಬರ್ತಿದೆ. ಯಾರೋ ಗಂಟಲು ಸರಿಮಾಡಿಕೊಳ್ತಿದಾರೆ. ಅವರ ಗುರುತುಪತ್ರಕ್ಕೆ ಇವತ್ತು ರಾತ್ರಿವರೆಗೂ ಜೀವ ಇದೆಯಲ್ಲ, ನಿನಗೇನು ಕಷ್ಟ?’

ರಾತ್ರಿವರೆಗೂ ಜೀವ ಇದೆ. ಇಲ್ಲಿ ಮಾತ್ರ ಸತ್ತಿದೆ.

ಅವಧಿಯ ವಿಷಯದಲ್ಲಿ ಎರಡು ಯಂತ್ರಗಳು ಜಗಳವಾಡಿದರೆ ಮೊದಲು ನೋಡಬೇಕಾದದ್ದು ಗಡಿಯಾರ. ಪರದೆಯ ಮೂಲೆ ನೋಡಿದಳು. ಶನಿವಾರ. ಗೋಡೆಯ ಗಡಿಯಾರ ನೋಡಿದಳು. ನಿಮಿಷವೂ ಕೂಡಿಬರುತ್ತಿತ್ತು. ತಪ್ಪೇ ಇಲ್ಲ.

ಹನ್ನೊಂದು ಹತ್ತಿರವಾಗುತ್ತಿತ್ತು. ಗುರುತುಪತ್ರದ ಪರೀಕ್ಷೆಯನ್ನೇ ನಿಲ್ಲಿಸಿಬಿಡುವ ಒಂದು ಒಳದಾರಿ ಬ್ರೌಸರಿನ ಹೊಟ್ಟೆಯೊಳಗೆ ಇತ್ತು. ಈ ಊರಲ್ಲಿ ಅದು ಗೊತ್ತಿದ್ದದ್ದು ಅವಳಿಗೊಬ್ಬಳಿಗೇ. ಒಂದು ಸಾಲು ಬದಲಾಯಿಸಿದರೆ ಹಾಡು ಬರುತ್ತದೆ, ಅಜ್ಜಿಗೆ ಕೊಟ್ಟ ಮಾತು ಉಳಿಯುತ್ತದೆ. ಅವಳ ಬೆರಳುಗಳು ಕೀಲಿಗಳ ಮೇಲೆ ನಿಂತವು. ಆದರೆ ಯಂತ್ರ ‘ಬೇಡ’ ಅಂದಿದೆ. ಯಾಕೆ ಅಂದಿತೆಂಬುದು ತನಗಿನ್ನೂ ಗೊತ್ತಿಲ್ಲ. ಕಾರಣ ತಿಳಿಯದೆ ಕಾವಲುಗಾರನ ಬಾಯಿ ಕಟ್ಟಿದರೆ, ಕಿತ್ತುಹಾಕಿದ ಗುಂಡಿಯನ್ನು ತಾನೇ ಮತ್ತೆ ಒತ್ತಿದ ಹಾಗೆ. ಕೈ ಹಿಂದಕ್ಕೆ ತೆಗೆದಳು.

“ಎಲ್ಲ ಆ ಟೋಂಗಾದವರ ಕಣ್ಣು ಬಿದ್ದದ್ದು,” ಎಂದು ಗೊಣಗಿದ ಸಿಯಾಕಿ ಮಾವ. “ಪುಣ್ಯಕ್ಕೆ ಕಂಪ್ಯೂಟರನ್ನಾದ್ರೂ ಬೆಳಗ್ಗೆ ಅವರ ಕೈಯಿಂದ ಬಿಡಿಸಿಕೊಂಡು ಬಂದೆ.”

ಫುವಾತಿನೋ ನಿಧಾನವಾಗಿ ತಿರುಗಿದಳು. “ಎಲ್ಲಿಂದ ಬಿಡಿಸಿಕೊಂಡು ಬಂದ್ರಿ?”

“ಮುಂದಿನ ಪಂದ್ಯ ಯಾವ ವಾರ ಅಂತ ನೋಡೋಕೆ ಗಡಿಯಾರದ ಮೇಲೆ ಎರಡು ಸಲ ಒತ್ತಿದೆ. ಏನು ಬರೆದಿತ್ತು ಗೊತ್ತಾ ಅಲ್ಲಿ? ‘ನುಕುಅಲೋಫಾ’! ನಮ್ಮ ಊರಿನ ಕಂಪ್ಯೂಟರು ಟೋಂಗಾದ ರಾಜಧಾನೀಲಿ ವಾಸ! ಯಾವ ಕಿಡಿಗೇಡಿ ಮಾಡಿದ್ನೋ. ಪಟ್ಟೀಲಿ ಹುಡುಕಿ ‘ಸಮೋವಾ’ ಅಂತ ಹಾಕಿದೆ. ಹಾಕಿದ್ದೇ ತಡ, ಈ ಮುದುಕ ಶುಕ್ರವಾರ ಅನ್ನೋಕೆ ಶುರು ಮಾಡಿದ. ಅದಕ್ಕೆ ನಾನೇ ಕೈಯಿಂದ ಶನಿವಾರ ಮಾಡಿದೆ.”

ಫುವಾತಿನೋ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು. ಅವಳ ಭುಜ ಕುಲುಕಿತು. ಅಳುತ್ತಿದ್ದಾಳೆಂದು ಸಿಯಾಕಿ ಮಾವ ಗಾಬರಿಯಾದ.

“ಆ ಕಿಡಿಗೇಡಿ ನಾನೇ ಮಾವ!” ನಗು ಅವಳ ಬೆರಳ ಸಂದಿನಿಂದ ಸೋರುತ್ತಿತ್ತು.

“ನೀನಾ? ನನ್ನ ತಂಗಿಯ ಮಗಳಾ?”

“ದಿನ ಹಾರಿದ್ದು ನೆನಪಿದೆಯಾ? ನಾವೆಲ್ಲ ಗುರುವಾರ ಮಲಗಿ ಶನಿವಾರ ಎದ್ದದ್ದು?”

“ನೆನಪಿಲ್ಲದೆ!” ಮೆಟ್ಟಿಲಿನಿಂದ ಅಜ್ಜಿ ಕೂಗಿದಳು. “ತಾರೀಖು ಬದಲಿಸೋ ದಿನದ ಗೆರೆ ದಾಟಿಸ್ತೀವಿ ಅಂತ ದೇಶದೋರೆಲ್ಲ ಸೇರಿ ನನ್ನ ಹುಟ್ಟಿದ ದಿನಾನೇ ನುಂಗಿಬಿಟ್ರು. ಆ ವರ್ಷ ನನಗೆ ವಯಸ್ಸೇ ಆಗಲಿಲ್ಲ!”

“ಕೇಳಿದ್ರಾ? ಈ ಕಂಪ್ಯೂಟರಿನ ಸಿಸ್ಟಂ ಅದಕ್ಕಿಂತ ಹಳೇದು. ನಾವು ಗೆರೆ ದಾಟಿದ್ದು ಅದಕ್ಕೆ ಯಾರೂ ಹೇಳೇ ಇಲ್ಲ. ‘ಸಮೋವಾ’ ಅಂದ್ರೆ ಅದರ ಲೆಕ್ಕದಲ್ಲಿ ಇನ್ನೂ ಗೆರೆಯ ಆಚೆ, ಒಂದು ದಿನ ಹಿಂದೆ. ಅಲ್ಲಿ ಕೂತು ಇವತ್ತು ಶನಿವಾರ ಅಂತ ನೀವು ಹೇಳಿದ್ರೆ, ಹಾಗಾದ್ರೆ ಉಳಿದ ಲೋಕದಲ್ಲೆಲ್ಲ ನಾಳೆ ಆಗಿರಬೇಕು ಅಂತ ಅದು ತಿಳ್ಕೊಳ್ಳುತ್ತೆ. ಆಕ್ಲೆಂಡಿನ ಪತ್ರ ಇವತ್ತು ರಾತ್ರಿ ಮುಗಿಯುತ್ತೆ. ಇದರ ಪಾಲಿಗೆ ಮುಗಿದೇ ಹೋಗಿದೆ.”

ಸಿಯಾಕಿ ಮಾವ ಬಟ್ಟಲು ಕೆಳಗಿಟ್ಟ. “ಅಂದ್ರೆ ಇದು ನಾಳೆಯಲ್ಲಿ ಕೂತಿದೆ.”

“ಹೌದು. ಇದನ್ನ ಟೋಂಗಾಕ್ಕೆ ವಾಪಸ್ ಕಳಿಸಬೇಕು.”

“ಬೇರೆ ದೇಶ ಇಲ್ವಾ?”

“ಈ ಪಟ್ಟೀಲಿ ನಮ್ಮ ಹೊತ್ತಿನಲ್ಲಿ ಬದುಕೋ ಊರು ಅದೊಂದೇ.”

“ಆಕ್ಲೆಂಡ್ ಹಾಕು! ನಮ್ಮ ಅರ್ಧ ಸಂಸಾರ ಅಲ್ಲೇ ಇದೆ.”

“ಅವರು ನಮಗಿಂತ ಒಂದು ಗಂಟೆ ಹಿಂದೆ. ಸೆಪ್ಟೆಂಬರಿನಲ್ಲಿ ಬೇಸಿಗೆಗೆ ಅಂತ ಅವರು ಗಡಿಯಾರ ಒಂದು ಗಂಟೆ ತಿರುಗಿಸಿದ್ರೆ ಇದೂ ತಿರುಗುತ್ತೆ, ಇದರ ಹೊತ್ತಿಗೆ ಊದೋ ನಮ್ಮ ಪ್ರಾರ್ಥನೆ ಶಂಖವೂ ತಿರುಗುತ್ತೆ. ಪಾದ್ರಿಗೆ ನೀವೇ ಹೇಳ್ತೀರಾ?”

ಪಾದ್ರಿಯ ಹೆಸರು ಕೇಳಿ ಸಿಯಾಕಿ ಮಾವ ಎದೆಯ ಮೇಲೆ ಕೈ ಕಟ್ಟಿ ಕಿಟಕಿಯ ಕಡೆ ತಿರುಗಿದ. ಹೊರಗೆ ಅಂಗಳಕ್ಕೆ ಜನ ಬರತೊಡಗಿದ್ದರು. ಒಬ್ಬೊಬ್ಬರೂ ಚಾಪೆ ತಂದಿದ್ದರು, ಕೆಲವರು ರೇಡಿಯೊ. ಲುಪೆ ಅಜ್ಜಿ ಅವರಿಗೆ ಓಗೊಡುವ ಸಾಲು ಹೇಳಿಕೊಡುತ್ತ, ಸ್ವರ ತಪ್ಪಿದವರ ಮೊಣಕಾಲಿಗೆ ಬೀಸಣಿಗೆಯಿಂದ ಹೊಡೆಯುತ್ತಿದ್ದಳು.

“ಕಳಿಸು,” ಎಂದ ಅವನು, ತಿರುಗಿ ನೋಡದೆ. “ನಾನು ನೋಡಲ್ಲ.”

ಅವಳು ನುಕುಅಲೋಫಾ ಆರಿಸಿದಳು. ಮೂಲೆಯ ಗಡಿಯಾರ ಒಂದೇ ನೆಗೆತಕ್ಕೆ ಭಾನುವಾರವಾಯಿತು. ಅದರ ಕಿವಿ ಹಿಂಡಿ ಶನಿವಾರಕ್ಕೆ ಎಳೆದು ತಂದಳು. ವಿಳಾಸ ಒತ್ತಿದಳು.

ಕೆಂಪು ಬೀಗ ಬರಲಿಲ್ಲ. ಆಕ್ಲೆಂಡಿನ ಸಭಾಂಗಣ ಬಂತು, ಹೂಮಾಲೆ ಹಾಕಿದ ಸಾಲು ಸಾಲು ಮಕ್ಕಳು, ಮುಂದೆ ಮಸಿನಾ. ಫುವಾತಿನೋ ಪ್ರಸಾರದ ಕೀಲಿ ಎತ್ತಿದಳು. ಅಂಗಳದ ರೇಡಿಯೊಗಳಲ್ಲೆಲ್ಲ ಒಂದೇ ಉಸಿರು ಕೇಳಿಸಿತು, ಹಾಡುವ ಮೊದಲು ಹುಡುಗಿ ಎದೆ ತುಂಬಿ ಎಳೆದುಕೊಂಡ ಉಸಿರು.

“ಅವಳೇ,” ಎಂದಳು ಲುಪೆ ಅಜ್ಜಿ. “ಉಸಿರು ಜಾಸ್ತಿ ಎಳೀತಾಳೆ. ಎಷ್ಟು ಹೇಳಿದೀನಿ.”

ಮಸಿನಾ ಕರೆದಳು. ಅಂಗಳ ಓಗೊಟ್ಟಿತು. ಪಕ್ಕದ ಮನೆಗಳು ಓಗೊಟ್ಟವು, ಸಮುದ್ರದ ಕಡೆ ದೋಣಿ ಎಳೆಯುತ್ತಿದ್ದವರು ಓಗೊಟ್ಟರು. ಅಜ್ಜಿಯ ದನಿ ಎಲ್ಲರಿಗಿಂತ ಒಂದು ಎಳೆ ಮುಂದೆ ಇತ್ತು. ಕಲಿಸಿದವಳಿಗೆ ಕಾಯುವ ಅಗತ್ಯವೇನು? ಎರಡನೆಯ ಕರೆಗೆ ಸಿಯಾಕಿ ಮಾವ ಕಿಟಕಿ ಬಿಟ್ಟು ಬಂದ. ಮೂರನೆಯದಕ್ಕೆ ಅವನ ತುಂಬುಗಂಟಲು ಮೈಕಿನ ಎದುರೇ ಇದ್ದುದರಿಂದ ಇಡೀ ದಕ್ಷಿಣ ಕರಾವಳಿಗೆ ಹರಡಿತು.

ಹಾಡು ಮುಗಿದ ಮೇಲೆ ಗದ್ದಲ, ನಗು, ಚಪ್ಪಾಳೆ. ಅಜ್ಜಿ ಬುಟ್ಟಿಯ ಎಲೆ ಸರಿಸಿದಳು. ತೆಂಗಿನ ಹಾಲು ಸೋರುವ ಪಲುಸಾಮಿ ಎಂಬ ಕೆಸುವಿನೆಲೆಯ ಗಂಟುಗಳು ಕೈಯಿಂದ ಕೈಗೆ ದಾಟಿದವು.

“ಏ ಫುವಾತಿನೋ, ಮಾತು ಉಳಿಸ್ಕೊಂಡೆ,” ಎಂದು ಅಜ್ಜಿ ಅವಳ ಕೆನ್ನೆ ಹುಡುಕಿ ತಟ್ಟಿದಳು. “ಇನ್ನೊಂದು ಸಲ ಧೂಳು ಒರೆಸುವಾಗ ನನ್ನನ್ನೂ ಕರಿ.”

ಸಿಯಾಕಿ ಮಾವ ಎಲೆ ನೆಕ್ಕುತ್ತ ಕಂಪ್ಯೂಟರಿನ ಎದುರು ನಿಂತಿದ್ದ. ಫುವಾತಿನೋ ಹತ್ತಿರ ಬಂದಳು.

“ಮಾವ, ಬೇಜಾರು ಬೇಡ. ಆ ಪಟ್ಟೀನೇ ತಿದ್ದಬಹುದು, ಸಮೋವಾನ ಗೆರೆಯ ಈಚೆಗೆ ತರಬಹುದು. ನಾನೇ ಸೋಮಾರಿತನಕ್ಕೆ ಬಿಟ್ಟಿದ್ದೆ. ಬ್ರೌಸರಿನ ಜೊತೆಗೇ ಆ ತಿದ್ದುಪಡಿ ಕಳಿಸಿದ್ರೆ ನಮ್ಮ ದೇಶದಲ್ಲಿರೋ ಇಂಥ ಮುದುಕರೆಲ್ಲ ಮನೆಗೆ ಬರ್ತಾರೆ. ಇದನ್ನ ಈಗಲೇ ಮಾಡಲಾ?”

ಅವನು ಮೂಲೆಯ ಗಡಿಯಾರವನ್ನು ನೋಡಿದ. ಆಕ್ಲೆಂಡಿನಿಂದ ಮುಂದಿನ ತಂಡದ ಹಾಡು ಬರುತ್ತಲೇ ಇತ್ತು.

“ಬೇಡ, ಸೋಮವಾರ ಮಾಡು,” ಎಂದ. “ಟೋಂಗಾದವರ ಮನೇಲಿ ಕೂತು ನಮ್ಮ ಹುಡುಗಿ ಹಾಡು ಕೇಳಿದೀವಿ. ಊಟದ ಮಧ್ಯ ಎದ್ದು ಬಂದ್ರೆ ಏನು ಚೆನ್ನ?”