ಅಗುಳಿಯ ಕತ್ತಿ

ಮರದ ಪುಡಿ ಜೋಳದ ಹಿಟ್ಟಿನ ಹಾಗೆ ಪಾದದ ಮೇಲೆ ಬೀಳುತ್ತಿದೆ, ಬೆಚ್ಚಗಿದೆ ಕೂಡ, ಗರಗಸ ಹೋಗಿ ಬಂದಲ್ಲೆಲ್ಲ ಮರ ಬಿಸಿಯಾಗುತ್ತದೆ ಎಂಬುದು ರೂತಳಿಗೆ ಇವತ್ತೇ ಗೊತ್ತಾದದ್ದು, ಇಷ್ಟು ವರ್ಷ ಹಣೆ ಮುಟ್ಟಿ ಮುಟ್ಟಿ ಜ್ವರ ನೋಡಿದ ಕೈಗೆ ಮರದ ಬಿಸಿ ಹೊಸದು — ಹಿತ್ತಲಲ್ಲಿ ಎರಡು ಇಟ್ಟಿಗೆಯ ಮೇಲೆ ಹಾಕಿದ ಹಲಗೆಯ ಮೇಲೆ ಕೂತು, ಎಡಗಾಲಲ್ಲಿ ಮುಂಬಾಗಿಲ ಅಗುಳಿಯನ್ನು ಒತ್ತಿ ಹಿಡಿದು, ಎಳೆ, ತಳ್ಳು, ಎಳೆ, ಕಣ್ಣು ಮುಚ್ಚಿದರೂ ಕೈ ತಾನೇ ಹೋಗುತ್ತದೆ, ಕಣ್ಣು ಮುಚ್ಚಬಾರದು, ಮುಚ್ಚಿದರೆ ಬೆರಳು ಹೋಗುತ್ತದೆ, ರಾತ್ರಿಯೆಲ್ಲ ಭಾಲ್ಕಿಯ ದವಾಖಾನೆಯಲ್ಲಿ ನಿಂತ ಕಾಲಲ್ಲಿ ಡ್ಯೂಟಿ ಮಾಡಿ, ಬೆಳಿಗ್ಗೆ ರೈಲಿನ ಕಂಬಿ ಹಿಡಿದು ತೂಕಡಿಸುತ್ತ ಬೀದರಿಗೆ ಬಂದು, ಚಿದ್ರಿಯ ಈ ಮನೆಯ ಹೊಸ್ತಿಲು ದಾಟಿದಾಗಿನಿಂದ ಬೆನ್ನು ನೆಲಕ್ಕೆ ಹತ್ತಿಲ್ಲ. ಒಳಗಿನಿಂದ ಅತ್ತೆಯ ದನಿ, ರೂತಾ, ಔರಾದ ಬಸ್ಸ ಬಂತೇನ? ಇನ್ನಾ ಬಂದಿಲ್ಲರಿ ಅತ್ತಿ, ಬಂದ್ರ ಹೇಳ್ತೇನಿ. ಬಿಸಿಲು ಇಳಿಯತೊಡಗಿದಾಗ ಈ ಮಾತು ಶುರುವಾಗುತ್ತದೆ, ದೀಪ ಹಾಕಿ ಬಹಳ ಹೊತ್ತಿನವರೆಗೆ ನಿಲ್ಲುವುದಿಲ್ಲ. ಜೆಮಿಮಾ ಟೀಚರ್, ಔರಾದದ ಅರ್ಧ ಊರಿಗೆ ಮಗ್ಗಿ ಕಲಿಸಿದವರು, ಈಗ ಉಂಡದ್ದು ನೆನಪಿಲ್ಲ, ಸೊಸೆಯ ಹೆಸರು ಒಂದು ದಿನ ಇದ್ದರೆ ಇನ್ನೊಂದು ದಿನ ಇಲ್ಲ, ಆದರೆ ಔರಾದದ ಮನೆಯ ಹಿಂದಿನ ತೋಟ, ಪೇರಲ ಗಿಡ, ಸಂಜೆಗೆ ಬುಟ್ಟಿ ಬೋರಲು ಹಾಕಿ ಮುಚ್ಚಬೇಕಾದ ಕೋಳಿಗಳು ಮಾತ್ರ ನಿನ್ನೆ ಬಿಟ್ಟು ಬಂದಷ್ಟು ನಿಚ್ಚಳ, ಕೋಳಿ ಮುಚ್ಚಬೇಕವ್ವಾ, ಕತ್ತಲಾದ್ರ ಬೆಕ್ಕ ಬರ್ತದ. ಎಲ್ಲಿಯ ಕೋಳಿ, ಮಾವ ತೀರಿಕೊಂಡ ಮೇಲೆ ಆ ಮನೆ ಮಾರಿದ್ದಾಯಿತು, ಒಮ್ಮೆ ಗಂಡ ರಿಚರ್ಡ ತಾಯಿಯನ್ನು ಕರೆದುಕೊಂಡು ಹೋಗಿ ತೋರಿಸಿಯೂ ಬಂದ, ಅಲ್ಲಿ ಗೊಬ್ಬರದ ಅಂಗಡಿ, ಶಟರ್, ಟೀಚರು ಒಂದು ಕ್ಷಣ ನೋಡಿ, ಇದು ಯಾರ ಮನಿಗಿ ಕರಕೊಂಡ ಬಂದಿಯಪ್ಪಾ, ನಮ್ಮ ಮನಿಗಿ ನಡಿ ಅಂದರಂತೆ.

ಕತ್ತಿ ಸಂಜೆಯೊಳಗೆ ಆಗಬೇಕು. ಇವತ್ತು ಚರ್ಚಿನಲ್ಲಿ ಸಂಡೇ ಸ್ಕೂಲ್ ಮಕ್ಕಳ ಕ್ರಿಸ್ಮಸ್ ಕಾರ್ಯಕ್ರಮ, ಕಥೆಯನ್ನು ಏದೆನ್ ತೋಟದಿಂದಲೇ ಶುರು ಮಾಡಬೇಕೆಂದು ಅಲ್ಲಿನ ಟೀಚರಮ್ಮನ ಹಟ, ಮಗಳು ಗ್ಲೋರಿ ಆ ತೋಟದ ಬಾಗಿಲು ಕಾಯುವ ದೇವದೂತ, ಹೊರಗೆ ಹಾಕಿದ ಆದಾಮ ಹವ್ವರು ತಿರುಗಿ ಬರದ ಹಾಗೆ ಉರಿಯುವ ಕತ್ತಿ ಹಿಡಿದು ನಿಲ್ಲಬೇಕು, ಇರುವುದು ಒಂದೇ ಮಾತು, ಆ ಒಂದು ಮಾತನ್ನು ಹುಡುಗಿ ವಾರದಿಂದ ಬಚ್ಚಲಲ್ಲಿ, ಊಟಕ್ಕೆ ಕೂತಾಗ, ನಿದ್ದೆಗಣ್ಣಲ್ಲಿ ಕೂಡ ಹೇಳುತ್ತಿದ್ದಾಳೆ, ಹಿಂದಕ್ಕೆ ಸರಿಯಿರಿ, ಈ ತೋಟದ ಬಾಗಿಲು ನಿಮಗೆ ಮುಚ್ಚಿದೆ. ರಟ್ಟಿನ ಕತ್ತಿ ಹೋದ ವಾರದ ತಾಲೀಮಿನಲ್ಲಿ ಎತ್ತಿದ ಕೂಡಲೇ ನಡು ಮುರಿದು ಜೋತು ಬಿತ್ತಂತೆ, ಆದಾಮನಾಗಿದ್ದ ಕೆವಿನ ನಕ್ಕು ನಕ್ಕು ತೋಟದೊಳಗೇ ಉರುಳಿದನಂತೆ — ಮಮ್ಮಿ, ಕಟಗೀದು ಇಲ್ಲಂದ್ರ ನಾ ಹೋಗಂಗಿಲ್ಲ ನೋಡು. ಪಪ್ಪಾ ಮಾಡ್ಕೊಡ್ತಾರ ಬಿಡು. ಪಪ್ಪಾ ವಾರವೆಲ್ಲ ಕತ್ತಿಯನ್ನು ಬಾಯಲ್ಲೇ ಮಾಡಿದರು, ಬೆಳಿಗ್ಗೆ ಔರಾದದ ಶಾಲೆಗೆ ಪಾಠ ಹೇಳಲು ಹೊರಟು ನಿಂತಾಗಲೂ, ಮಧ್ಯಾಹ್ನದ ಬಸ್ಸಿಗೇ ಬಂದಬಿಡ್ತೇನಿ ರೂತಾ, ಬಂದ ಕೂಡಲೇ ಅದೇ ಕೆಲಸ, ಮಧ್ಯಾಹ್ನ ಫೋನು, ಹೆಡ್‌ಮಾಸ್ತರ್ ಬಿಡಲಿಲ್ಲ, ಸಂಜಿ ಆಗ್ತದ, ನೀನೇ ಏನರ ನೋಡು. ನೀನೇ ಏನರ ನೋಡು — ಈ ಮನೆಯಲ್ಲಿ ಪ್ರತಿ ಕೆಲಸದ ಕೊನೆಗೂ ಈ ಮಾತು ಬಂದು ಕೂರುತ್ತದೆ, ಅತ್ತೆಗೆ ಜ್ವರ ಬಂದರೆ ನೀನೇ ಏನರ ನೋಡು, ನಲ್ಲಿ ಕೆಟ್ಟರೆ ನೀನೇ ಏನರ ನೋಡು. ನೋಡಿದಳು. ದ್ರಾಕ್ಷಿ ಪೆಟ್ಟಿಗೆಯ ಪಟ್ಟಿ ಮೊಳೆ ತಾಗಿಸಿದರೆ ಸೀಳಿತು, ಮುರಿದ ಮಂಚದ ಕಾಲು ದುಂಡಗೆ, ಬಡಗಿ ಇಸ್ಮಾಯಿಲ ಅಂಗಡಿ ಮುಚ್ಚಿ ಯಾರದೋ ಮದುವೆಗೆ ಹೋಗಿದ್ದಾನೆ, ಬರಿಗೈಯಲ್ಲಿ ಮುಂಬಾಗಿಲಿಗೆ ಬಂದು ನಿಂತಾಗ ಕಣ್ಣು ತಾನಾಗಿ ಮೇಲೆ ಹೋಯಿತು, ಅಲ್ಲಿತ್ತು, ನೆಟ್ಟಗೆ, ಚಪ್ಪಟೆ, ಒಂದು ಗಂಟೂ ಇಲ್ಲದ ಸಾಗವಾನಿ, ಯಾರಾದರೂ ಕತ್ತಿ ಅನ್ನಲಿ ಎಂದು ಕಾದು ಕೂತ ಹಾಗೆ.

ಎರಡು ಕದಕ್ಕೂ ಅಡ್ಡ ಕೂರುವ ಅಗುಳಿ, ರಿಚರ್ಡ ಬೇಕೆಂದೇ ಚೌಕಟ್ಟಿನ ಮೇಲ್ತುದಿಗೆ ಎರಡು ಕಬ್ಬಿಣದ ಕೊಂಡಿ ಬಡಿದು ಅದರಲ್ಲಿ ಕೂರಿಸಿದ್ದು, ರೂತ ಹಿಮ್ಮಡಿ ಎತ್ತಿದರೆ ಎಟುಕುತ್ತದೆ, ಗಿಡ್ಡ ಮೈಯ ಅತ್ತೆಗೆ ಎಟುಕುವುದಿಲ್ಲ, ಅದಕ್ಕೇ ಅಷ್ಟು ಮೇಲೆ, ಹಿತ್ತಲಿಗೆ ಸುತ್ತ ಎತ್ತರದ ಗೋಡೆ, ಹೊರದಾರಿ ಇದೊಂದೇ. ಕೆಳಗಿನ ಚಿಲಕ ಅವರಿಗೆ ಲೆಕ್ಕಕ್ಕಿಲ್ಲ, ಬೀಗ ಹಾಕಿ ನೋಡಿದ್ದೂ ಆಯಿತು, ಕೀಲಿಕೈ ಎಲ್ಲಿಟ್ಟರೂ ಹುಡುಕಿ ಕಿಟಕಿಯಿಂದ ಗಟಾರಕ್ಕೆ ಎಸೆದು, ಮನೆಮಂದಿಯೆಲ್ಲ ಒಳಗೇ ಸಿಕ್ಕಿಕೊಂಡು, ಪಕ್ಕದ ಮನೆಯ ವಹೀದಾ ಹೊರಗೆ ನಿಂತು, ರೂತಕ್ಕಾ, ಫಿಕರ್ ಮಾಡಬ್ಯಾಡ್ರಿ, ನಮ್ಮ ಉಮೇರ ಸುತ್ತಿಗಿ ತರ್ಲಾಕ ಹೋಗ್ಯಾನ. ಅತ್ತೆ ಮೊದಲ ಸಲ ಮನೆ ಬಿಟ್ಟು ಹೋದಾಗ ಬಸ್‌ಸ್ಟ್ಯಾಂಡಿನಲ್ಲಿ ಔರಾದದ ಬಸ್ಸಿನಲ್ಲೇ ಕೂತಿದ್ದರು, ಕಂಡಕ್ಟರ್ ದತ್ತಾತ್ರಿ ಅವರ ಹಳೆಯ ವಿದ್ಯಾರ್ಥಿ, ಟೀಚರ್ ಹಂತ್ಯಾಕ ಟಿಕೇಟ್ ಹ್ಯಾಂಗ ಕೇಳಬೇಕ್ರಿ ಎಂದು ಚಹಾ ಕುಡಿಸಿ ಕೂರಿಸಿ ಫೋನು ಮಾಡಿದ, ಅವತ್ತು ಎಲ್ಲರೂ ನಕ್ಕರು. ಎರಡನೆಯ ಸಲ ಯಾರೂ ನಗಲಿಲ್ಲ — ಮೈಲೂರಿನ ಕಡೆ ರಸ್ತೆಯ ನಡುವೆ, ಒಂದು ಕಾಲಲ್ಲಿ ಚಪ್ಪಲಿ ಇಲ್ಲ, ಹೆಬ್ಬೆರಳಿನ ಉಗುರು ಎದ್ದು ರಕ್ತ, ಲಾರಿಯ ಬೆಳಕಿಗೆ ಕೈ ಅಡ್ಡ ಹಿಡಿದು ನಿಂತಿದ್ದರು, ಲಾರಿಯವನು ಎಚ್ಚರವಿದ್ದ, ಅಷ್ಟೇ. ಸಿಸ್ಟರ್, ಇನ್ನೊಮ್ಮಿ ಹೋದ್ರ ಸಿಗ್ತಾರಂತ ಹೇಳ್ಲಾಕ ಬರಂಗಿಲ್ಲ, ಬಾಗಲ ಬಂದ್ ಇಡ್ರಿ, ಭಾಲ್ಕಿಯ ಡಾಕ್ಟರು ಅವಳ ಮುಖ ನೋಡದೆ ಹೇಳಿದ್ದು. ಬಂದ್ ಇಟ್ಟಳು. ಚರ್ಚಿನ ಹೆಂಗಸರು ಮೂಗು ಮುರಿದರು, ದೊಡ್ಡವರನ್ನ ಕೂಡಿ ಹಾಕ್ಯಾರಂತ, ನರ್ಸ್ ಆಗಿ ಹ್ಯಾಂಗ ಮನಸ್ಸ ಬಂತೋ, ಆ ಮಾತು ಇನ್ನೂ ಮರೆತಿಲ್ಲ. ಅಂಥ ಅಗುಳಿಯನ್ನು ಕೊಯ್ಯುತ್ತಿದ್ದಾಳೆ. ನಾಳೆ ಇಸ್ಮಾಯಿಲನಿಗೆ ಹೇಳಿದರೆ ಹೊಸದು ಹಾಕುತ್ತಾನೆ, ಒಂದು ಸಂಜೆಯ ಮಾತು, ರಿಚರ್ಡ ಬರುವ ತನಕ, ನಾನು ಇರ್ತೇನಲ್ಲ, ನಾನೇನು ಸತ್ತಿಲ್ಲವಲ್ಲ — ಎಳೆ, ತಳ್ಳು, ಟಪ್ಪನೆ ತುಂಡು ಬಿತ್ತು.

ತುದಿ ಚೂಪು ಮಾಡುವುದು ಕುಡಗೋಲಿನಿಂದ, ಸಾಗವಾನಿ ಬೆಣ್ಣೆಯಲ್ಲ, ಸಿಬಿರು ಸಿಬಿರಾಗಿ ಏಳುತ್ತದೆ, ಒಂದು ಸಿಬಿರು ಅಂಗೈಗೆ ಹೋಯಿತು, ಹಲ್ಲಿನಿಂದ ಎಳೆದು ಉಗುಳಿದಳು, ರಾತ್ರಿ ಇದೇ ಕೈಯಿಂದ ಒಬ್ಬ ಮುದುಕನಿಗೆ ಸಲೈನ್ ಹಚ್ಚುವಾಗ ನರ ಸಿಗದೆ ಚುಚ್ಚಿ ಚುಚ್ಚಿ, ಸಾರಿ ತಾತಾ, ಸಾರಿ, ಅವನು ಕಣ್ಣು ಮುಚ್ಚಿಕೊಂಡೇ, ನಿನಗ ನಿದ್ದಿ ಬಂದದ ಬೇ, ಹೋಗಿ ಮಕ್ಕೋ ಅಂದಿದ್ದ. ಕಲ್ಲಿನ ಮೇಲೆ ಉಜ್ಜಿ ಅಂಚು ನುಣುಪು ಮಾಡಿ, ಹಿಡಿಕೆಯ ಮೇಲೆ ದ್ರಾಕ್ಷಿ ಪೆಟ್ಟಿಗೆಯ ಪಟ್ಟಿಯನ್ನು ಅಡ್ಡ ಇಟ್ಟು ಸುತ್ತಲೂ ಸುತಳಿ ಬಿಗಿದು ಎತ್ತಿ ಹಿಡಿದಳು, ಚಲೋ ಬಂತು, ಅಷ್ಟರಲ್ಲಿ ಅತ್ತೆ ಬಾಗಿಲಲ್ಲಿ, ತಲೆಗೆ ಸೆರಗು, ಬಗಲಲ್ಲಿ ಹಳೆಯ ಶಾಲೆಯ ಚೀಲ, ಯಾರ ಸಮಾಧೀಗವ್ವಾ ಈ ಶಿಲುಬಿ? ರೂತ ಕತ್ತಿಯನ್ನು ತಟ್ಟನೆ ಕೆಳಗಿಳಿಸಿದಳು. ಶಿಲುಬಿ ಅಲ್ಲರಿ ಅತ್ತಿ, ಕತ್ತಿ, ಗ್ಲೋರಿಗಿ. ಯಾರಿಗಿ ಹೊಡೀಲಾಕ? ಯಾರಿಗೂ ಇಲ್ಲರಿ, ಸುಮ್ಮ ಹಿಡ್ಕೊಂಡ ನಿಂದರ್ಲಾಕ. ಸುಮ್ಮ ನಿಂದರ್ಲಾಕ ಕತ್ತಿ ಯಾಕ ಬೇಕು, ಎಂದು ಟೀಚರು ತಪ್ಪು ಉತ್ತರ ಕೇಳಿದ ಮುಖ ಮಾಡಿದರು. ಅಲಗಿಗೆ ಬೆಳ್ಳಿ ಕಾಗದ, ಬೆಂಕಿಗೆ ಕ್ರಿಸ್ಮಸ್ ನಕ್ಷತ್ರದಲ್ಲಿ ಉಳಿದ ಕೆಂಪು ಕಾಗದದ ನಾಲಿಗೆಗಳು, ಅಂಟು ಆರುವ ಮೊದಲೇ ಗ್ಲೋರಿ ಬಿಳಿ ಫ್ರಾಕಿನಲ್ಲಿ ಹಾರಿ ಬಂದು ಕಸಿದುಕೊಂಡಳು, ಭಾರಕ್ಕೆ ಕೈ ಜಗ್ಗಿತು, ಮಮ್ಮೀ, ಎಷ್ಟ ವಜ್ಜಿ ಅದ, ಖರೇನ ಕತ್ತೀನೇ, ಮುಂಬಾಗಿಲಿಗೆ ಓಡಿ ಎರಡೂ ಕಾಲು ಊರಿ ನಿಂತಳು, ಎದುರಿಗೆ ಚೀಲ ಹಿಡಿದ ಅಜ್ಜಿ. ಹಿಂದಕ್ಕೆ ಸರಿಯಿರಿ, ಈ ತೋಟದ ಬಾಗಿಲು ನಿಮಗೆ ಮುಚ್ಚಿದೆ! ಸರಿ ಬೇ ಅತ್ತಾಗ, ಕೋಳಿ ಮುಚ್ಚಬೇಕು. ಅಜ್ಜೀ, ನೀವು ಒಳಗ ಬರ್ಲಾಕ ಬರಂಗಿಲ್ಲ. ನಾ ಎಲ್ಲಿ ಒಳಗ ಬರ್ಲಾಕತ್ತೇನಿ, ನಾ ಹೊಂಟೇನಿ ಹೊರಗ. ರೂತಳಿಗೆ ನಗು ಬಂತು, ಇಡೀ ದಿನದಲ್ಲಿ ಮೊದಲ ನಗು, ನಗುತ್ತ ನಗುತ್ತ ಕಣ್ಣಲ್ಲಿ ನೀರೂ ಬಂತು, ಅದು ನಿದ್ದೆಗೆಟ್ಟ ಕಣ್ಣಿನ ನೀರು ಎಂದುಕೊಂಡಳು.

ಗ್ಲೋರಿ ಕೆವಿನನ ತಾಯಿಯ ಜೊತೆ ಹೋದಳು, ಪಪ್ಪಾ ಬಂದ ಕೂಡಲೇ ಎಲ್ಲಾರೂ ಬರ್ತೇವಿ, ಮುಂದ ಕುಂಡ್ರ್ತೇವಿ, ಹೋಗು. ಚಿಲಕ ಹಾಕಿ ಉಳಿದ ತುಂಡನ್ನು ಮೇಲೆ ಇಟ್ಟು ನೋಡಿದರೆ ಒಂದು ಕೊಂಡಿಗೆ ಹತ್ತಿತು, ಇನ್ನೊಂದಕ್ಕೆ ಎಲ್ಲಿ ಹತ್ತಬೇಕು, ಜಾರಿ ಕಾಲ ಬಳಿ ಬಿತ್ತು. ಕುರ್ಚಿ ಒತ್ತಿ ಇಟ್ಟರೆ ಅತ್ತೆ ಎತ್ತಿ ಪಕ್ಕಕ್ಕಿಡುತ್ತಾರೆ, ವಹೀದಾ ಇದ್ದರೆ ಕರೆಯಬಹುದಿತ್ತು, ಅವರ ಮನೆಗೂ ಬೀಗ. ಸರಿ, ಅಗುಳಿ ಇಲ್ಲದಿದ್ದರೆ ನಾನೇ ಅಗುಳಿ ಎಂದು ರೂತ ಕದಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು, ಕಾಲು ಚಾಚಿದಳು, ಅಯ್ಯೋ, ಕಾಲು ಚಾಚುವುದು ಇಷ್ಟು ಸುಖವೆಂದು ಮರೆತೇ ಹೋಗಿತ್ತು. ಎದುರಿನ ಮಂಚದ ಮೇಲೆ ಅತ್ತೆ, ಕಂದು ಶಾಲು ಹೊದ್ದು, ಚೀಲ ತೊಡೆಯ ಮೇಲೆ, ಬಸ್ಸಿಗೆ ಕಾದವರ ಹಾಗೆ ಅವಳನ್ನೇ ನೋಡುತ್ತಿದ್ದಾರೆ, ಕಿಟಕಿಯ ಬಿಸಿಲು ಅವರ ಬಿಳಿ ಕೂದಲಿನಿಂದ ಗೋಡೆಗೆ ಹೋಯಿತು, ಗೋಡೆಯ ಮೇಲೆ ಕೆಂಪಾಯಿತು, ಥಂಡಿ ನೆಲದಿಂದ ಏಳುತ್ತಿದೆ. ನಿದ್ದಿ ಬಂದದೇನ ನಿನಗ? ಇಲ್ಲರಿ. ಸುಳ್ಳ ಹೇಳಬ್ಯಾಡ, ಕಣ್ಣ ನೋಡು ಹ್ಯಾಂಗಾಗ್ಯಾವ, ಮಕ್ಕೋ, ನಾ ಕುಂತೇನಿ. ಎಷ್ಟು ವರ್ಷವಾಯಿತು ಯಾರಾದರೂ ಅವಳಿಗೆ ಮಕ್ಕೋ ಅಂದು, ರಾತ್ರಿಯ ಮುದುಕ ಅಂದ, ಇವರು ಅಂದರು, ಒಳಗೆ ಏನೋ ಸಡಿಲಾಯಿತು, ಮಕ್ಕೊಳ್ಳುವುದಿಲ್ಲ, ಕಣ್ಣಿಗೆ ಸ್ವಲ್ಪ ವಿಶ್ರಾಂತಿ ಅಷ್ಟೇ, ಬೆನ್ನು ಕದಕ್ಕಿದೆ, ಕದ ಅಲುಗಿದರೆ ಗೊತ್ತಾಗುತ್ತದೆ, ಗೊತ್ತಾಗುತ್ತದೆ — ರೈಲು ಭಾಲ್ಕಿ ಬಿಟ್ಟಿತು, ಸಲೈನ್ ಹನಿ ಹನಿ, ಹಿಂದಕ್ಕೆ ಸರಿಯಿರಿ, ಮರದ ಪುಡಿ ಬೆಚ್ಚಗೆ ಬೀಳುತ್ತಿದೆ, ಪೇರಲ ಗಿಡದ ಕೆಳಗೆ ಕೋಳಿಗಳು ಒಂದೊಂದಾಗಿ ಬುಟ್ಟಿಯೊಳಗೆ ಹೋಗುತ್ತಿವೆ, ಎಲ್ಲವೂ ಹೋಗಲಿ, ಬುಟ್ಟಿ ಬೋರಲು ಹಾಕಿದರೆ ಕತ್ತಲು, ಸಾಕು, ಕತ್ತಲು ಚಲೋ.

ಕೆನ್ನೆಯ ಕೆಳಗೆ ಮೆತ್ತಗೆ ಏನೋ ಇದೆ. ಎಷ್ಟು ಚೆನ್ನಾಗಿ ನಿದ್ದೆ ಮಾಡಿದೆ, ಮೈಯೆಲ್ಲ ಹಗುರ, ಬೆಚ್ಚಗೆ, ಇನ್ನೊಂದು ಚೂರು ಹೀಗೇ — ಗಾಳಿ ಹಣೆಗೆ ತಣ್ಣಗೆ ಬಡಿಯುತ್ತಿದೆ, ಗಾಳಿ ಎಲ್ಲಿಂದ. ಕಣ್ಣು ತೆರೆದರೆ ಒಂದು ಕದದ ಬುಡದಲ್ಲಿ ತಾನು ಅಡ್ಡ ಬಿದ್ದಿದ್ದಾಳೆ, ಇನ್ನೊಂದು ಕದ ತೆರೆದಿದೆ, ಹೊರಗೆ ಬೀದಿ ಮಸುಕು ನೀಲಿ, ದೂರದಲ್ಲಿ ಚರ್ಚಿನ ಮೈಕು ಹಲೋ ಹಲೋ ಅನ್ನುತ್ತಿದೆ, ಮಂಚದ ಮೇಲೆ ಯಾರೂ ಇಲ್ಲ, ಚೀಲ ಇಲ್ಲ, ಹೊಸ್ತಿಲ ಬಳಿಯ ಚಪ್ಪಲಿ ಇಲ್ಲ. ತಲೆಯ ಕೆಳಗಿರುವುದು ಅತ್ತೆಯ ದಿಂಬು. ಮೈಮೇಲೆ ಕಂದು ಶಾಲು, ಕಾಲಿನ ತನಕ ಎಳೆದು, ಮಗುವಿಗೆ ಹೊದಿಸುವಂತೆ ಅಂಚು ಒಳಗೆ ಸೇರಿಸಿ ಹೊದಿಸಿದ್ದಾರೆ, ಈ ಥಂಡಿಯಲ್ಲಿ ಅವರ ಮೈಮೇಲೆ ಏನಿದೆ, ಏನೂ ಇಲ್ಲ, ಬರೀ ಸೆರಗು. ಏಳಬೇಕು, ರಿಚರ್ಡನಿಗೆ ಫೋನು, ದತ್ತಾತ್ರಿಗೆ ಫೋನು, ಬಸ್‌ಸ್ಟ್ಯಾಂಡಿಗೋ ಮೈಲೂರಿನ ರಸ್ತೆಗೋ, ಲಾರಿಗಳು ಈ ಹೊತ್ತಿಗೇ ಬರುತ್ತವೆ, ಏಳು ರೂತಾ, ಏಳು — ಹಿಂದೆ ಹಿತ್ತಲ ಬಾಗಿಲೂ ತೆರೆದಿದೆ, ಎರಡು ಇಟ್ಟಿಗೆಯ ಮೇಲೆ ಹಲಗೆ ಹಾಗೇ ಇದೆ, ಉದ್ದನೆಯದು, ಚಪ್ಪಟೆಯದು, ಮೂರು ಕತ್ತಿ ಆಗುವಷ್ಟು, ಅದರ ಮೇಲೆಯೇ ಕೂತು ಮಧ್ಯಾಹ್ನವೆಲ್ಲ ಅಗುಳಿ ಕೊಯ್ದಳು. ಕಣ್ಣಿಗೆ ಬೀಳಲಿಲ್ಲವೇ. ಬೀಳಲಿಲ್ಲ. ಬೀಳಲಿಲ್ಲವೇ ರೂತಾ, ನಿಜ ಹೇಳು, ನಿನ್ನ ಕಣ್ಣು ಹೋದದ್ದು ಅಲ್ಲಿಗೇ ಯಾಕೆ, ಮೇಲೆ, ಚೌಕಟ್ಟಿನ ತುದಿಗೆ, ಈಗ ಮತ್ತೆ ಅಲ್ಲಿಗೇ, ಶಾಲು ಬೆಚ್ಚಗಿದೆ, ಎರಡು ಕಬ್ಬಿಣದ ಕೊಂಡಿ, ಒಂದು ಈ ಕಡೆ, ಒಂದು ಆ ಕಡೆ, ನಡುವೆ ಏನೂ ಇಲ್ಲ, ಎರಡು ಕೊಂಡಿ, ಏಳಬೇಕು, ನಡುವೆ ಏನೂ ಇಲ್ಲ, ಎರಡು ಕೊಂಡಿ