ಜುಮಾನಾಳನ್ನು ನೋಡಲು ಬಂದವರು

ನನ್ನ ತಂಗಿ ಈನಾಸಳ ಗಂಡ ಫಿಕ್ರಿಯ ಕಡೆಯವರಿಗೆ ಕಾಯಿಲೆಯವರನ್ನು ನೋಡಲು ಹೋಗುವುದೆಂದರೆ ಮದುವೆಗಿಂತ ಹೆಚ್ಚಿನ ಸಂಭ್ರಮ. ಅಲೆಕ್ಸಾಂಡ್ರಿಯಾದಲ್ಲಿ ಯಾವ ನೆಂಟನಿಗೆ ನೆಗಡಿಯಾದರೂ ಪೇರಲೆ ರಸದ ಡಬ್ಬ ಹಿಡಿದು ದಂಡು ಕಟ್ಟಿಕೊಂಡು ಬರುತ್ತಾರೆ, ತಾವೇ ಕುಡಿದು ಹೋಗುತ್ತಾರೆ.

ಈನಾಸಳ ಮಗಳು ಜುಮಾನಾಗೆ ಆರು ವರ್ಷ. ಹಬ್ಬವೋ ಪ್ರವಾಸವೋ ಹತ್ತಿರವಾದರೆ ಅವಳಿಗೆ ವಾಂತಿ ಶುರುವಾಗುತ್ತದೆ, ಹೊಟ್ಟೆಯಲ್ಲಿ ಏನೂ ಉಳಿಯದಿದ್ದರೂ ನಿಲ್ಲುವುದಿಲ್ಲ. ಆಮೇಲೆ ಏನೂ ಆಗದವಳಂತೆ ಕುಣಿಯುತ್ತಾಳೆ. ಫಿಕ್ರಿಯ ತಾಯಿ ಬುಸೈನಾ ಹಾಜಿಯಮ್ಮ ಕೆಟ್ಟ ಕಣ್ಣು ಎಂದಳು. ಫಿಕ್ರಿ ಶಾಲೆ ತಪ್ಪಿಸುವ ನಾಟಕ ಎಂದ. ರಜೆಯಲ್ಲೂ ಮಗು ವಾಂತಿ ಮಾಡುತ್ತಿದ್ದದ್ದು ಆ ಮಹಾಬುದ್ಧಿವಂತನಿಗೆ ಹೊಳೆಯಲೇ ಇಲ್ಲ.

ಡಾಕ್ಟರ್ ಮಿರ್ವತ್ ಬಿಡಿಸಿ ಹೇಳಿದರು. "ಇದು ಆಗಾಗ ಮರುಕಳಿಸೋ ವಾಂತಿ ರೋಗ. ಮುಖ ಬಿಳಚಿಕೊಂಡ ತಕ್ಷಣ ಈ ಮಾತ್ರೆ ನಾಲಿಗೆ ಮೇಲಿಡಿ, ಕತ್ತಲೆ ಕೋಣೇಲಿ ಮಲಗಿಸಿ. ಮಾತು ಬೇಡ, ವಾಸನೆ ಬೇಡ. ನಿದ್ದೆ ಬಂದ್ರೆ ಅಲ್ಲಿಗೇ ನಿಲ್ಲಬಹುದು. ಇಲ್ದಿದ್ರೆ ಡ್ರಿಪ್ ಹಾಕ್ಬೇಕಾಗುತ್ತೆ. ಒಬ್ಬರಿಂದ ಒಬ್ಬರಿಗೆ ಅಂಟೋದಲ್ಲ, ಹೆದರಬೇಡಿ." ಫಿಕ್ರಿ ನನ್ನ ಪಕ್ಕದಲ್ಲೇ ಕೂತು ತಲೆಯಾಡಿಸಿದ. ಕಣ್ಣು ಮೊಬೈಲಿನ ಫುಟ್ಬಾಲ್ ಮೇಲಿತ್ತು.

ಹೋದ ಸಲ ಮಾತ್ರೆ ಕೊಟ್ಟು ಮಲಗಿಸಿದ್ದೆವು. ಹಾಜಿಯಮ್ಮ ನೆಂಟರ ಸಮೇತ ನುಗ್ಗಿ, ದೀಪ ಹಾಕಿ, ಮಗುವಿನ ಮುಖದ ಮೇಲೆ ಧೂಪ ಆಡಿಸಿದಳು. ಕೊನೆಗೆ ಆಸ್ಪತ್ರೆಯಲ್ಲಿ ಆ ಒಣಗಿದ ಪುಟ್ಟ ಕೈಯಲ್ಲಿ ನರ ಸಿಗದೆ ಸೂಜಿ ಚುಚ್ಚಿದ್ದೇ ಚುಚ್ಚಿದ್ದು. ಅವಳ ಕಿರುಚಾಟ ಇನ್ನೂ ನನ್ನ ಕಿವಿಯಲ್ಲಿದೆ.

ಈ ಸಲ ಹಬ್ಬದ ಹಿಂದಿನ ದಿನ ಮುಖ ಬಿಳಚಿತು. ಈನಾಸ್ ಮಾತ್ರೆ ಕೊಟ್ಟು ಪರದೆ ಎಳೆದಳು. ಫಿಕ್ರಿ ಅಮ್ಮನಿಗೆ ಫೋನು ಮಾಡಿದ, ಅಷ್ಟಲ್ಲದೆ ಅವನ ಕೈಲಿ ಇನ್ನೇನಾದೀತು? ಮಗುವಿಗೆ ಜೊಂಪು ಹತ್ತುವಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿಗಳ ಸದ್ದು, ಅತ್ತರಿನ ನಾತ, ಹಾಜಿಯಮ್ಮನ ಗೋಳು.

ನಾನು ಬಾಗಿಲಿಗೆ ಅಡ್ಡ ನಿಂತೆ.

"ಸರಿಯೇ ವಿದಾದ್! ನನ್ನ ಮೊಮ್ಮಗಳನ್ನ ನೋಡೋಕೆ ನಿನ್ನ ಅಪ್ಪಣೆ ಬೇಕಾ?"

"ಬನ್ನಿ ಹಾಜಿಯಮ್ಮ, ಧಾರಾಳವಾಗಿ ಬನ್ನಿ," ಎಂದೆ ಮೆಲ್ಲಗೆ. "ಈ ಸಲದ್ದು ಅಂಟುತ್ತಂತೆ. ಕರುಳೇ ಕಿತ್ತು ಬರೋ ಹಾಗೆ ವಾಂತಿಯಂತೆ."

ಆಹಾ, ಆ ಪ್ರೀತಿ ಎಷ್ಟು ಚುರುಕಾಗಿ ಮೆಟ್ಟಿಲಿಳಿಯಿತು! ಮಂಡಿನೋವಿನ ಹಾಜಿಯಮ್ಮನೇ ಎಲ್ಲರಿಗಿಂತ ಮುಂದು. ರಸದ ಡಬ್ಬಗಳು ಮೆಟ್ಟಿಲಲ್ಲೇ ಉಳಿದವು.

ತಿರುಗಿ ನೋಡಿದರೆ ಫಿಕ್ರಿ ಬೂಟು ಹಾಕಿಕೊಳ್ಳುತ್ತಿದ್ದ.

"ನಾನೂ ಅಮ್ಮನ ಮನೇಲಿರ್ತೀನಿ," ಎಂದ. "ಮನೇಲಿ ಒಬ್ಬರಾದ್ರೂ ನೆಟ್ಟಗಿರಬೇಕಲ್ಲ."

ಡಾಕ್ಟರ ಮುಂದೆ ಕೂತು ತಲೆಯಾಡಿಸಿದ ಗಂಡಸು! ನನಗೆ ಅಸಹ್ಯವಾಯಿತು.

ಜುಮಾನಾ ಗಾಢ ನಿದ್ದೆಗೆ ಜಾರಿದಳು. ಸಂಜೆ ಎದ್ದು, "ದೊಡ್ಡಮ್ಮಾ, ಹಸಿವು," ಎಂದಳು. ಈನಾಸ್ ಅಳುತ್ತಲೇ ರೊಟ್ಟಿ ತಂದಳು. ಅಷ್ಟರಲ್ಲಿ ಫಿಕ್ರಿಯ ಫೋನು. ಮಗು ಹೇಗಿದೆ ಎಂದು ಕೇಳಲಿಲ್ಲ.

"ಈನಾಸ್, ಮಧ್ಯಾಹ್ನದಿಂದ ನನ್ನ ಹೊಟ್ಟೆ ಗುಳುಗುಳು ಅಂತಿದೆ. ನಂಗೂ ಅಂಟಿದ್ಯಾ?"

"ಹೌದು, ಅಂಟಿದೆ. ಅಲ್ಲೇ ಇರಿ," ಎಂದು ಈನಾಸ್ ಫೋನಿಟ್ಟಳು.

"ಅಪ್ಪ ಯಾಕೆ ಬರಲ್ವಂತೆ?" ಎಂದಳು ಜುಮಾನಾ.

"ಹೆದರಿಕೆಯಂತೆ," ಎಂದಳು ಈನಾಸ್.

"ಯಾರನ್ನ ಕಂಡ್ರೆ?"

ಈನಾಸ್ ಇನ್ನೊಂದು ತುಂಡು ರೊಟ್ಟಿ ಮುರಿದು ಮಗಳ ಕೈಗಿಟ್ಟಳು.