ಕೈಬಿಟ್ಟ ನಾಲ್ಕು ಸಾಲು

"ಕೂತ್ಕೋ ತಾಯಿ, ಯಾಕೆ ನಿಂತಿದ್ದೀಯ," ಅಂದರು ಪ್ರಾಧ್ಯಾಪಕರು. ಅವಳು ಆಗಲೇ ಕೂತಿದ್ದಳು. ಕುರ್ಚಿಯ ತುದಿಯಲ್ಲಿ ಅವಳು ಕೂತಿದ್ದ ರೀತಿಯೇ ಹಾಗಿತ್ತು.

ಮೇಜಿನ ಮೇಲೆ ಅವಳ ಪ್ರಬಂಧ ಇತ್ತು. ಬಿ.ಎಡ್. ತರಬೇತಿಗೆ ಅವಳು ಬರೆದ ಕೊನೆಯ ಪ್ರಬಂಧ, ನಲವತ್ತೆರಡು ಪುಟ. ಅಂಚುಗಳ ತುಂಬ ಪೆನ್ಸಿಲ್ ಬರಹ. ಅವರು ಪೆನ್ನು ಹಿಡಿದದ್ದನ್ನು ಯಾರೂ ಕಂಡಿರಲಿಲ್ಲ. ಪೆನ್ನಿನಲ್ಲಿ ಬರೆದರೆ ನಾಳೆ ಯಾರಿಗಾದರೂ ಉತ್ತರ ಕೊಡಬೇಕು, ಪೆನ್ಸಿಲ್ ಆದರೆ ರಬ್ಬರಿಗೆ ಹೇಳಿದರೆ ಸಾಕು ಎಂದು ವಿದ್ಯಾರ್ಥಿಗಳು ಆಡಿಕೊಳ್ಳುತ್ತಿದ್ದರು. ಅವರಿಗೆ ಪೆನ್ಸಿಲ್ ಮೇಷ್ಟ್ರು ಎಂದೇ ಹೆಸರಾಗಿತ್ತು. ಒಳ್ಳೆಯವರು. ಯಾರ ಮೇಲೂ ದನಿ ಎತ್ತಿದವರಲ್ಲ. ಅದಕ್ಕೇ ಅವಳಿಗೆ ಹೆಚ್ಚು ಭಯ. ಬೈದರೆ ಬೈಗುಳ ಎಲ್ಲಿಗೆ ಮುಗಿಯುತ್ತದೆ ಎಂದಾದರೂ ಗೊತ್ತಾಗುತ್ತದೆ.

ಅವರು ಡ್ರಾಯರ್ ಎಳೆದು ಏಳನೇ ತರಗತಿಯ ಪಠ್ಯಪುಸ್ತಕ ತೆಗೆದರು. ಹಿಂಬದಿ ರಟ್ಟಿನ ಒಳಮಗ್ಗುಲನ್ನು ಬಿಚ್ಚಿ ಅವಳ ಕಡೆ ತಿರುಗಿಸಿದರು. ಇರುವೆ ಸಾಲಿನಂಥ ಸಣ್ಣ ಅಕ್ಷರಗಳಲ್ಲಿ ಸಂಪಾದಕ ಮಂಡಳಿಯವರ ಹೆಸರುಗಳು. ಮೂರನೆಯದು ಅವರದು.

ಅವಳು ಆ ಪುಸ್ತಕವನ್ನು ಮೂರು ತಿಂಗಳಿಂದ ಚೀಲದಲ್ಲಿ ಹೊತ್ತು ತಿರುಗುತ್ತಿದ್ದಳು. ಅದರಿಂದಲೇ ಪಾಠ ಮಾಡುತ್ತಿದ್ದಳು. ಎಲ್ಲ ಪುಟವನ್ನೂ ಓದಿದವಳು ಆ ಒಂದು ಮಗ್ಗುಲನ್ನು ಮಾತ್ರ ಓದಿರಲಿಲ್ಲ.

ಅವಳ ಪ್ರಬಂಧ 'ಸೇತುವೆ' ಎಂಬ ಹಳೆಯ ಕವಿತೆಯ ಮೇಲೆ. ಪಠ್ಯಪುಸ್ತಕದಲ್ಲಿ ಅದಕ್ಕೆ ಐದು ಚರಣ. ನದಿ, ಕಮಾನು, ದಾಟುವ ಜನ, ಬೆಳಗಿನ ಬಿಸಿಲು, ಕೊನೆಗೆ ಕವಿ ಕ್ಷಮೆ ಕೇಳಿ ಮುಗಿಸುತ್ತಾನೆ. ಯಾತಕ್ಕೆ ಕ್ಷಮೆ ಎಂಬುದು ಅವಳ ತಲೆಯಲ್ಲಿ ಮುಳ್ಳಿನ ಹಾಗೆ ಉಳಿದಿತ್ತು. ಗ್ರಂಥಾಲಯದ ನೆಲಮಾಳಿಗೆಯಲ್ಲಿ ಹಳೆಯ ಪತ್ರಿಕೆಗಳ ಕಟ್ಟು ಬಿಚ್ಚುತ್ತ ಹೋದಾಗ ಮೊದಲು ಅಚ್ಚಾದ ಕವಿತೆ ಸಿಕ್ಕಿತು. ಅಲ್ಲಿ ಆರು ಚರಣಗಳಿದ್ದವು. ಅವಳ ಪ್ರಬಂಧದ ಮೂರನೇ ಭಾಗವೆಲ್ಲ ಆ ಒಂದು ಚರಣದ ಬಗ್ಗೆ, ಅದನ್ನು ಕಿತ್ತುಹಾಕಿದವರ ಬಗ್ಗೆ.

ಪ್ರಾಧ್ಯಾಪಕರು ಕನ್ನಡಕ ಏರಿಸಿ ಅವಳದೇ ವಾಕ್ಯವನ್ನು ಓದಿದರು. "'ಈ ನಾಲ್ಕು ಸಾಲಿಗೆ ಕತ್ತರಿ ಹಾಕಿದವರಿಗೆ ಕವಿತೆ ಓದಲು ಬರುತ್ತಿರಲಿಲ್ಲ ಎನ್ನುವಂತಿಲ್ಲ. ತುಂಬ ಚೆನ್ನಾಗಿ ಬರುತ್ತಿತ್ತು, ಅದಕ್ಕೇ ಕತ್ತರಿಸಿದರು.'" ಹಾಳೆ ಕೆಳಗಿಟ್ಟರು. "ಒಳ್ಳೇ ವಾಕ್ಯ. ನಿಜವಾಗ್ಲೂ ಹೇಳ್ತಿದ್ದೀನಿ. ನನ್ನ ಕೈಲಿ ಇಂಥದ್ದೊಂದು ಬರೆಯೋಕಾಗ್ಲಿಲ್ಲ."

 

ಅವರು ಮಾತು ಮುಂದುವರಿಸಿದರು. ಹನ್ನೆರಡು ವರ್ಷದ ಮಕ್ಕಳ ಮುಂದೆ ಹೆಣ ಇಡೋಕಾಗುತ್ತಾ ಎಂದು ಸಮಿತಿಯಲ್ಲಿ ಪ್ರಶ್ನೆ ಬಂತಂತೆ. ಸೇತುವೆ ಇವತ್ತಿಗೂ ನಿಂತಿದೆ, ಕಟ್ಟಿಸಿದವರ ಮನೆಯವರೂ ಇದ್ದಾರೆ, ಸುಮ್ಮನೆ ಯಾಕೆ ಎಂದರಂತೆ ಇನ್ನೊಬ್ಬರು. ಆಗ ತನಗೂ ಸಣ್ಣ ವಯಸ್ಸು, ಕೆಲಸ ಕಾಯಂ ಆಗಿರಲಿಲ್ಲ, ತಲೆಯಾಡಿಸಿದೆ ಎಂದರು. ಹೇಳುವಾಗ ಅವರ ದನಿಯಲ್ಲಿ ಅಳುಕಿರಲಿಲ್ಲ. ನೂರು ಸಲ ಮಡಚಿಟ್ಟ ಬಟ್ಟೆಯ ಹಾಗೆ ಮಾತು ತನ್ನಷ್ಟಕ್ಕೆ ಮಡಿಕೆಯಾಗುತ್ತಿತ್ತು. ಮೂರನೇ ಭಾಗ ತೆಗೆದು ನಾಳೆ ಬೆಳಿಗ್ಗೆ ತಂದುಕೊಡಬೇಕು, ಮಿಕ್ಕದ್ದೆಲ್ಲ ಬಂಗಾರ, ಮೊದಲ ದರ್ಜೆಗೆ ಮೋಸವಿಲ್ಲ ಎಂದರು.

ಅವಳು ಪ್ರಬಂಧ ಎತ್ತಿಕೊಂಡು ಬಾಗಿಲ ತನಕ ಬಂದಿದ್ದಳು.

"ಇವತ್ತು ಎರಡನೇ ಪೀರಿಯಡ್ ನಿನ್ನ ಕೊನೇ ಪಾಠ ಅಲ್ವಾ? ಯಾವ್ದು?"

"ಸೇತುವೆ, ಸರ್."

"ಹಾಗಾದ್ರೆ ನಾನೇ ಬರ್ತೀನಿ," ಅಂದರು ಅವರು, ಪೆನ್ಸಿಲ್ ಚೂಪು ಮಾಡುತ್ತ.

ಶಿಕ್ಷಕಿಯಾಗಬೇಕಾದರೆ ನಲವತ್ತು ಪಾಠ ಮಾಡಬೇಕು, ಒಂದೊಂದಕ್ಕೂ ಹಿಂದೆ ಕೂತು ನೋಡಿದ ಮೇಷ್ಟ್ರ ಸಹಿ ರಿಜಿಸ್ಟರಿನಲ್ಲಿ ಬೀಳಬೇಕು. ಮೂವತ್ತೊಂಬತ್ತು ಬಿದ್ದಿದ್ದವು. ನಲವತ್ತನೆಯದು ತಪ್ಪಿದರೆ ಇಡೀ ವರ್ಷ ಹೋಯಿತು. ಅವಳ ಅಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಒಗೆಯುವವಳು. ಮಗಳು ಬರುವ ತಿಂಗಳಿಂದ ಟೀಚರು ಎಂದು ವಾರ್ಡಿನಿಂದ ವಾರ್ಡಿಗೆ ಸುದ್ದಿ ಮುಟ್ಟಿಸಿದ್ದಳು. ಸೀಮೆಸುಣ್ಣಕ್ಕೆಂದು ಮಗಳ ಚೀಲಕ್ಕೆ ಒಳಜೇಬು ಹೊಲಿದುಕೊಟ್ಟಿದ್ದಳು. ಬೆಳಿಗ್ಗೆ ಹೊರಡುವಾಗ, "ಮೇಷ್ಟ್ರು ಹೇಳ್ದಂಗೆ ಕೇಳಮ್ಮಾ, ಎದುರು ಮಾತಾಡ್ಬೇಡ," ಅಂದಿದ್ದಳು. ಎದುರು ಮಾತನ್ನು ನಲವತ್ತೆರಡು ಪುಟ ಟೈಪು ಮಾಡಿಸಿ ಕೊಟ್ಟಾಗಿದೆ ಎಂದು ಅಮ್ಮನಿಗೆ ಯಾರು ಹೇಳಬೇಕು?

ಅವಳು ಪಾಠ ಮಾಡುವ ಶಾಲೆ ಕಾಲೇಜಿನ ಹಿಂದಿನ ಕಟ್ಟಡದಲ್ಲೇ ಇತ್ತು.   ಅದರ ಮೆಟ್ಟಿಲಲ್ಲಿ ಜೊತೆಗೆ ತರಬೇತಿಗಿದ್ದ ಗೆಳತಿ ನೀರಿನ ಬಾಟಲಿ ಹಿಡಿದು ಕಾಯುತ್ತಿದ್ದಳು. ನಡೆದದ್ದನ್ನು ಕೇಳಿ ಗೆಳತಿಗೆ ಮೊದಲು ನಗು ಬಂತು.

"ಅಲ್ಲ ಕಣೇ, ಹೋಗಿ ಹೋಗಿ ಅವ್ರಿಗೇ ಬೈದಿದ್ದೀಯಲ್ಲ. ಅದೂ ಅಡಿಟಿಪ್ಪಣಿ ಸಮೇತ."

ಆಮೇಲೆ ನಗು ನಿಲ್ಲಿಸಿ, ಗೈಡಿನಲ್ಲಿರುವುದನ್ನು ಗಿಳಿ ಹಾಗೆ ಒಪ್ಪಿಸಿ ಬಾ ಎಂದಳು. ಸಹಿ ಬೀಳಲಿ, ನೌಕರಿ ಸಿಗಲಿ, ಆಮೇಲೆ ಆರೇನು ಅರವತ್ತು ಚರಣ ಹೇಳಿಕೊಡು, ಯಾರು ಬೇಡ ಅಂತಾರೆ ಎಂದಳು. ಅವಳು ಹೂಂ ಅಂದಳು. ಮನಸಾರೆಯೇ ಅಂದಳು. ಮೂರನೇ ಭಾಗ ಯಾವ ಪುಟದಿಂದ ಯಾವ ಪುಟದವರೆಗೆ ಎಂದು ಅಲ್ಲೇ ನಿಂತು ನೋಡಿಯೂ ಬಿಟ್ಟಳು. ಹತ್ತೊಂಬತ್ತರಿಂದ ಮೂವತ್ತು. ತೆಗೆದರೆ ಕಾಣುವುದೂ ಇಲ್ಲ. ಪುಟದ ಸಂಖ್ಯೆ ಬದಲಾಯಿಸಿದರೆ ಆಯಿತು.

ತರಗತಿಯಲ್ಲಿ ಮೂವತ್ತೆಂಟು ಮಕ್ಕಳಿದ್ದರು. ಪ್ರಾಧ್ಯಾಪಕರು ಕೊನೆಯ ಬೆಂಚಿನಲ್ಲಿ, ಎರಡು ಜಡೆಯ ಹುಡುಗಿಯ ಪಕ್ಕ ಇಕ್ಕಟ್ಟಿನಲ್ಲಿ ಕೂತಿದ್ದರು. ಪುಸ್ತಕ ತರಲು ಮರೆತಿದ್ದರು. ಆ ಹುಡುಗಿಯದನ್ನೇ ನಡುವೆ ಇಟ್ಟುಕೊಂಡು ಅದರ ಮೇಲೆ ಮೊಣಕೈ ಊರಿ, ತೊಡೆಯ ಮೇಲಿನ ಹಾಳೆಯಲ್ಲಿ ಬರೆಯುತ್ತಿದ್ದರು.

ಅವಳು ನದಿ ಹೇಳಿದಳು, ಕಮಾನು ಹೇಳಿದಳು. ತನ್ನ ದನಿ ಬೇರೆ ಯಾರದೋ ಎಂಬಂತೆ ಕೇಳಿಸುತ್ತಿತ್ತು. ಬಿಸಿಲಿನ ಚರಣದಲ್ಲಿ ಬರುವ ಹೋಲಿಕೆಗಳನ್ನು ಮಕ್ಕಳಿಂದಲೇ ಹೇಳಿಸಿದಳು. ಕೊನೆಯ ಬೆಂಚಿನ ತಲೆ ಒಪ್ಪಿಗೆಯಿಂದ ಅಲ್ಲಾಡಿತು. ಇನ್ನು ಎಂಟು ನಿಮಿಷ. ಕೊನೆಯ ಚರಣ ಓದಿದಳು.

*ಕ್ಷಮಿಸಿ, ನಾನು ದಾಟಿಬಂದೆ.*
*ನನ್ನ ಕಾಲು ಒದ್ದೆಯಾಗಲಿಲ್ಲ.*

ಪಾಠದ ಕೊನೆಯಲ್ಲಿ ಕೊಟ್ಟಿದ್ದ ಪ್ರಶ್ನೆಯನ್ನೇ ಕೇಳಿದಳು. ಕವಿಯ ವಿನಯ ಇಲ್ಲಿ ಹೇಗೆ ವ್ಯಕ್ತವಾಗಿದೆ? ಮುಂದಿನ ಬೆಂಚಿನವನು ಎದ್ದುನಿಂತು, ದೊಡ್ಡವರು ಯಾವಾಗಲೂ ಬಾಗಿ ನಡೆಯುತ್ತಾರೆ ಎಂದು ಗೈಡಿನ ಉತ್ತರವನ್ನು ಒಂದೇ ಉಸಿರಿಗೆ ಒಪ್ಪಿಸಿ ಕೂತ.

ಕೊನೆಯ ಬೆಂಚಿನಿಂದ ಎರಡು ಜಡೆಯವಳು ಕೈ ಎತ್ತಿ ಎದ್ದುನಿಂತಳು. "ಮಿಸ್, ಏನೂ ತಪ್ಪು ಮಾಡ್ದೇ ಇದ್ರೆ ಯಾಕೆ ಕ್ಷಮಿಸಿ ಅಂತಾರೆ?"

"ಟಿಕೆಟ್ ತಗೊಳ್ದೆ ದಾಟಿರ್ಬೇಕು ಮಿಸ್," ಅಂದ ಕಿಟಕಿ ಪಕ್ಕದವನು.

ತರಗತಿಯೆಲ್ಲ ಗೊಳ್ಳೆಂದಿತು. ಪ್ರಾಧ್ಯಾಪಕರೂ ನಕ್ಕರು, ಹೊಟ್ಟೆ ಕುಲುಕುವಷ್ಟು ನಕ್ಕರು. ಕಣ್ಣು ಒರೆಸಿಕೊಂಡು, ಹೇಳಿ ಎಂಬಂತೆ ಅವಳತ್ತ ಕೈ ಮಾಡಿದರು.

ವಿನಯ ಎಂದು ಹೇಳಿದರೆ ಮುಗಿಯಿತು. ಅವಳು ಬಾಯಿ ತೆರೆದಳು. ಹುಡುಗಿ ಇನ್ನೂ ನಿಂತೇ ಇದ್ದಳು. ನಗುವಿನಲ್ಲಿ ಸೇರಿರಲಿಲ್ಲ, ಉತ್ತರಕ್ಕೆ ಕಾಯುತ್ತಿದ್ದಳು. ಅವಳು ಮೇಜಿನ ಮೇಲಿನ ಪುಸ್ತಕ ಎತ್ತಿ ಕೊನೆಯ ಚರಣದ ಮೇಲೆ ಬೆರಳಿಟ್ಟಳು.

"ಇಲ್ಲಿ," ಅಂದಳು.  "ಇದಕ್ಕೆ ಮುಂಚೆ ನಾಲ್ಕು ಸಾಲು ಇತ್ತು. ನಿಮ್ಮ ಪುಸ್ತಕದಲ್ಲಿ ಹಾಕಿಲ್ಲ."

ಧೈರ್ಯದಿಂದ ಅಂದದ್ದಲ್ಲ ಅದು. ವಾಂತಿ ಬರುವಾಗ ಬಾಯಿ ಮುಚ್ಚಿಕೊಂಡರೂ ಬರುವ ಹಾಗೆ ಬಂತು. ಅವಳು ಬೋರ್ಡಿನ ಕಡೆ ತಿರುಗಿದಳು. ಸೀಮೆಸುಣ್ಣ ಮೊದಲ ಅಕ್ಷರಕ್ಕೇ ಮುರಿಯಿತು. ಚೂರಿನಲ್ಲೇ ಬರೆದಳು. ಬೆನ್ನ ಹಿಂದೆ ಒಬ್ಬರು ಇದ್ದಾರೆ ಎಂಬುದನ್ನು ಚರ್ಮವೆಲ್ಲ ಬಲ್ಲದು. ಸಾಲುಗಳು ಬಲಕ್ಕೆ ಹೋದಂತೆ ಕೆಳಗೆ ಜಾರಿದವು. ಬೋರ್ಡಿನ ಮೇಲೆ ಬರೆಯುವುದು ಹೇಗೆಂದು ಕಲಿಸುವ ತರಬೇತಿಯಲ್ಲಿ ಅಂಥ ಸಾಲಿಗೆ ಅಂಕ ಕಳೆಯುತ್ತಾರೆ.

*ಕಲ್ಲು ಹೊತ್ತ ಏಳು ಹೆಂಗಸರು ಕೆಳಗೇ ಉಳಿದರು,*
*ಎತ್ತಿ ತರಲು ಕೆಲಸ ನಿಲ್ಲಿಸಬೇಕಿತ್ತು.*
*ಕಂಬ ಏರಿತು, ಅವರ ಮೇಲೆಯೇ ಏರಿತು.*
*ಉದ್ಘಾಟನೆಯ ದಿನ ನಾವು ಚಪ್ಪಾಳೆ ತಟ್ಟಿದೆವು.*

ತಿರುಗಿದಾಗ ಯಾರೂ ನಗುತ್ತಿರಲಿಲ್ಲ. ಪ್ರಾಧ್ಯಾಪಕರ ಮುಖ ನೋಡುವ ಧೈರ್ಯ ಅವಳಿಗಾಗಲಿಲ್ಲ.  ಮೇಜಿನ ಅಂಚು ಹಿಡಿದುಕೊಂಡಳು. ಕಿಟಕಿ ಪಕ್ಕದವನು, ಬರ್ಕೊಳ್ಳೋದಾ ಮಿಸ್ ಎಂದು ಮೆಲ್ಲಗೆ ಕೇಳಿದ. ಅವಳು ತಲೆಯಾಡಿಸಿದಳು. ಪುಸ್ತಕದಲ್ಲಿ ಎರಡು ಚರಣಗಳ ನಡುವೆ ಬೆರಳು ತೂರುವಷ್ಟೂ ಜಾಗವಿಲ್ಲ ಎಂದು ಇಬ್ಬರು ಮೂವರು ಒಟ್ಟಿಗೆ ದೂರಿದರು. ಅಂಚಿನಲ್ಲಿ ಅಡ್ಡಡ್ಡ ಬರೀರಿ ಅಂದಳು. ಮೂವತ್ತೇಳು ಪುಸ್ತಕಗಳು ಬೆಂಚುಗಳ ಮೇಲೆ ಸರಕ್ಕನೆ ಅಡ್ಡ ತಿರುಗಿದವು.

"ಸರ್," ಅಂದಳು ಎರಡು ಜಡೆಯವಳು. "ಸ್ವಲ್ಪ ಮೊಣಕೈ ತೆಗೀತೀರಾ? ನನ್ನ ಪುಸ್ತಕ."

ಅವರು ತಕ್ಷಣ ತೆಗೆಯಲಿಲ್ಲ. ಆಮೇಲೆ ತೆಗೆದರು.

ಹುಡುಗಿ ಕೂತು ಪುಸ್ತಕ ತಿರುಗಿಸಿಕೊಂಡು ಬರೆಯತೊಡಗಿದಳು. ಬರೆಯುವಾಗ ಒಂದೊಂದೇ ಶಬ್ದವನ್ನು ಬಾಯಲ್ಲಿ ಹೇಳಿಕೊಳ್ಳುವ ಅಭ್ಯಾಸ ಅವಳಿಗೆ. ಬೆಂಚು ಇಕ್ಕಟ್ಟು. ಅವಳ ಬಾಯಿ ಅವರ ತೋಳಿಗೆ ತಾಗುವಷ್ಟು ಹತ್ತಿರವಿತ್ತು. "ಎತ್ತಿ... ತರಲು..." ಎನ್ನುತ್ತ ಅವಳು ಬೋರ್ಡಿನತ್ತ ಕತ್ತೆತ್ತಿ ನೋಡಿದಳು, ಮತ್ತೆ ಬಾಗಿದಳು. "ಕೆಲಸ..." ಅಂದಳು.